ಅವ್ವನ ಕೈಪಟ್ಟಿಗೆ ಮಡಿ

ಅವ್ವ ತೀರಿಕೊಂಡು ನಾಲ್ಕು ತಿಂಗಳಾಯಿತು. ಅಳು ಬರುವ ಹೊತ್ತಿಗೆ ಸರಿಯಾಗಿ ಆ ಕೈಪಟ್ಟಿಯ ಜಗಳ ನೆನಪಾಗಿ ನಗು ಬಂದುಬಿಡುತ್ತದೆ.

ಹಾನಗಲ್ಲಿನ ವೃದ್ಧಾಶ್ರಮದಲ್ಲಿ ಅವ್ವನಿಗೆ ಒಂಟಿ ಕೋಣೆ ಇತ್ತು. ಮೂಲೆಯಲ್ಲಿ ದೇವರ ಪೆಟ್ಟಿಗೆ, ಕಿಟಕಿಯಲ್ಲಿ ತುಳಸಿ ಕುಂಡ. ಒಂದು ದಿನ ಅಲ್ಲಿದ್ದ ಎಲ್ಲರ ಕೈಗೂ ನಾಡಿ ನೋಡುವ ಪಟ್ಟಿ ಕಟ್ಟಿದರು. ನಾಡಿ ಸಿಗದಿದ್ದರೆ ಅದು ನರ್ಸಮ್ಮನ ಮೇಜಿನ ಮೇಲೆ ಗಂಟೆ ಬಾರಿಸುತ್ತಿತ್ತು, ಶಿಗ್ಗಾಂವಿಯಲ್ಲಿ ಹೊಲಿಗೆ ಮಷಿನ್ನಿನ ಮುಂದೆ ಕುಳಿತ ನನ್ನ ಫೋನಿಗೂ ಸುದ್ದಿ ಕಳಿಸುತ್ತಿತ್ತು.

ಚಾರ್ಜ್ ಮಾಡಲು ಆ ಪಟ್ಟಿಯನ್ನು ಯಾರು ಯಾರೋ ಮುಟ್ಟುತ್ತಿದ್ದರು. ಅಂದಮೇಲೆ ಅದು ಮೈಲಿಗೆ. ಅವ್ವ ಸ್ನಾನಕ್ಕೆ ಮುಂಚೆ ಅದನ್ನು ಬಿಚ್ಚಿ ಮೊಳೆಗೆ ನೇತುಹಾಕಿ, ಮಡಿ ಸೀರೆ ಉಟ್ಟು ಜಪಕ್ಕೆ ಕುಳಿತಳು. ಮೊಳೆಗೆ ನಾಡಿ ಎಲ್ಲಿಂದ ಬರಬೇಕು? ಗಂಟೆ ಬಾರಿಸಿತು. ನರ್ಸಮ್ಮ ಓಡಿ ಬಂದಳು. ಮಡಿಯಲ್ಲಿದ್ದವಳನ್ನು ಮುಟ್ಟುವಂತಿಲ್ಲ, ಜಪ ಮುಗಿಯುವ ತನಕ ಅವ್ವ ಬಾಯಿ ಬಿಡುವಂತಿಲ್ಲ.

"ಅವ್ವಾರ, ಆರಾಮ ಅದೀರೇನ್ರಿ? ಒಂದ್ಸಲ ಹೂಂ ಅನ್ರೀ!"

ಅವ್ವ ಕಣ್ಣು ಮುಚ್ಚಿಕೊಂಡೇ ಕೈ ಬೀಸಿ ಆಚೆ ಕಳಿಸಿದಳಂತೆ. ಪಟ್ಟಿಯ ಸುದ್ದಿ ಬಂದದ್ದೇ ನಾನು ಬಸ್ಸು ಹತ್ತಿದ್ದೆ; ಅವ್ವ ಆರಾಮಿದ್ದಾಳೆ ಎನ್ನಲು ನರ್ಸಮ್ಮ ಮಾಡಿದ ಫೋನು ಬಸ್ಸಿನ ಗದ್ದಲದಲ್ಲಿ ಕೇಳಿಸಿರಲಿಲ್ಲ. ಜೀವ ಕೈಯಲ್ಲಿ ಹಿಡಿದುಕೊಂಡು ಹೋದರೆ ಅವ್ವ ಅವಲಕ್ಕಿ ತಿನ್ನುತ್ತಿದ್ದಳು.

"ಯಾಕ ಇಷ್ಟ ಲಗೂನ ಬಂದಿ? ನಾಷ್ಟಾ ಆತಿಲ್ಲೋ?"

ಮೂರನೇ ಸಲ ಹೀಗಾದಾಗ ವ್ಯವಸ್ಥಾಪಕರು ನನ್ನನ್ನು ಕರೆಸಿದರು. "ಪಟ್ಟಿ ತಗದ್ರ ಒಂಟಿ ಖೋಲಿ ಕೊಡಾಕ ಬರೂದಿಲ್ರಿ. ದೊಡ್ಡ ಹಾಲಿಗೆ ಹಾಕ್ತೇವಿ."

ಹಾಲಿನಲ್ಲಿ ಎಂಟು ಮಂಚ. ಅಲ್ಲಿ ಮಡಿಯೂ ಇಲ್ಲ, ಪೂಜೆಯೂ ಇಲ್ಲ. ಕೋಣೆಗೆ ಬಂದು ಹೇಳಿದಾಗ ಅವ್ವನ ಮುಖ ಸಣ್ಣದಾಯಿತು.

ನರ್ಸಮ್ಮ ಪಟ್ಟಿ ಹಿಡಿದು ಬೇಡಿಕೊಂಡಳು. "ಜಳಕದಾಗೂ ತಗೀಬ್ಯಾಡ್ರಿ ಅವ್ವಾರ. ನೀರು ಬಿದ್ರ ಇದಕ್ಕ ಏನೂ ಆಗೂದಿಲ್ಲ."

ಅವ್ವ ತಲೆ ಎತ್ತಿದಳು. "ಮುಳಗಿಸಿದ್ರೂ?"

"ಮುಳಗಿಸಿದ್ರೂ."

"ಹುಚ್ಚಿ, ಇದನ್ನ ಮೊದಲ ಹೇಳಬಾರದೇನು? ನೀರು ಬಿದ್ದ ಮ್ಯಾಲ ಅದೂ ಮಡಿ ಆತಲ್ಲ!"

ಮರುದಿನದಿಂದ ಚಾರ್ಜ್ ಆದ ಪಟ್ಟಿಯನ್ನು ನರ್ಸಮ್ಮ ಬಚ್ಚಲ ಕಲ್ಲಿನ ಮೇಲಿಟ್ಟು ಹಿಂದೆ ಸರಿಯಬೇಕು. ಅವ್ವ ಅದಕ್ಕೆ ಮೂರು ತಂಬಿಗೆ ನೀರು ಸುರಿದು, ತಾನೂ ಮಿಂದು, ಕಟ್ಟಿಕೊಂಡು ಜಪಕ್ಕೆ ಕೂರುತ್ತಿದ್ದಳು. ಏಕಾದಶಿಯಂದು ಐದು ತಂಬಿಗೆ. ದೊಡ್ಡ ಹಾಲಿಗೆ ಹಾಕುವ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ. ಕೊನೆಯ ದಿನದವರೆಗೂ ಆ ಕೋಣೆ ಅವಳದೇ ಆಗಿತ್ತು.

ಅದನ್ನು ಖಾಲಿ ಮಾಡಲು ನಾನೇ ಹೋದೆ. ಮಡಿ ಗಿಡಿ ನೋಡಿದವಳಲ್ಲ ನಾನು. ಆದರೂ ದೇವರ ಪೆಟ್ಟಿಗೆಗೆ ಕೈ ಹಾಕುವ ಮುಂಚೆ ನರ್ಸಮ್ಮನ ಹತ್ತಿರ ಒಂದು ಬಕೆಟ್ ನೀರು ಕೇಳಿದೆ.