ಒಂದೇ ರೇಡಿಯೊ, ಎರಡು ಕಿವಿ

ಔರಾದಿನಿಂದ ಬೀದರಿಗೆ ದಿನಾ ಬಸ್ಸಿನಲ್ಲಿ ಹೋಗುವಾಗ ನಾನು ಇಯರ್‌ಫೋನ್ ಹಾಕಿಕೊಂಡು ಮೊಬೈಲಿನಲ್ಲಿ ರೇಡಿಯೊದವರ ಪಾಡ್‌ಕಾಸ್ಟ್ ಕೇಳುತ್ತೇನೆ. ಮಳೆ ಕೈಕೊಟ್ಟ ಆ ವರ್ಷ ಬಸ್ಸಿನಲ್ಲಿ ಜನರಿಗಿಂತ ಗಂಟುಮೂಟೆಗಳೇ ಹೆಚ್ಚಾಗಿದ್ದವು. ಒಂದು ಬೆಳಿಗ್ಗೆ ಪಕ್ಕದಲ್ಲಿ ಕೂತ ಹೆಂಗಸು ಬಹಳ ಹೊತ್ತು ನನ್ನನ್ನೇ ನೋಡಿ, ಕೊನೆಗೆ ಮೊಣಕೈ ತಟ್ಟಿದಳು.

"ಅಕ್ಕಾರ, ಆ ಕಡಿ ಯಾರಿದ್ದಾರ್ರಿ? ಆಗಿಂದ ನಿಮಗ ಒಂದ್ ಮಾತೂ ಆಡ್ಲಾಕ ಬಿಡವಲ್ರು. ಮನಿಯವರೇನ್ರಿ?"

ನನಗೆ ನಗು ತಡೆಯಲಾಗಲಿಲ್ಲ. ರೇಡಿಯೊ ಎಂದು ಹೇಳಿ ಇಯರ್‌ಫೋನಿನ ಒಂದು ತುದಿಯನ್ನು ಅವಳ ಕಿವಿಗಿಟ್ಟೆ. ಅಜ್ಜಿಯೊಬ್ಬರು ಬೀಸುವಾಗ ಹೇಳುವ ಹಾಡುಗಳ ಬಗ್ಗೆ ಮಾತಾಡುತ್ತಿದ್ದರು.

"ನಮ್ಮವ್ವನಂಗೇ ಮಾತಾಡ್ತಾಳ್ರಿ," ಎಂದಳು.

ಗಂಡನ ಜೊತೆ ಹೈದರಾಬಾದಿಗೆ ಕಟ್ಟಡದ ಕೆಲಸಕ್ಕೆ ಹೊರಟಿದ್ದಳು. ಶಾಲೆ ತಪ್ಪಬಾರದೆಂದು ಮಗಳನ್ನು ತಂಗಿಯ ಮನೆಯಲ್ಲಿ ಬಿಟ್ಟು ಬಂದಿದ್ದಳು. "ರಾತ್ರಿಪೂರಾ ಕಣ್ಣಿಗಿ ಕಣ್ಣು ಹತ್ತಿಲ್ರಿ," ಎಂದವಳು ಸ್ವಲ್ಪ ಹೊತ್ತಿಗೇ ನನ್ನ ಭುಜಕ್ಕೆ ಒರಗಿ ನಿದ್ದೆಹೋದಳು.

ನನ್ನ ಸ್ಟಾಪ್ ಬಂತು. ಎದ್ದರೆ ಅವಳಿಗೆ ಎಚ್ಚರವಾಗುತ್ತದೆ. ಕಂಡಕ್ಟರ್ ನನ್ನ ಕಡೆ ನೋಡಿದ. ಹೋಗಲಿ ಎಂದು ಕೈಸನ್ನೆ ಮಾಡಿದೆ.

ಬಸ್‌ಸ್ಟ್ಯಾಂಡಿನಲ್ಲಿ, ಹಿಂದೆ ಗಂಟಿನ ಮೇಲೆ ಕೂತಿದ್ದ ಗಂಡ ಬಂದು ಎಬ್ಬಿಸಿದ. ಅವಳು ಗಡಬಡಿಸಿ ಇಯರ್‌ಫೋನ್ ನನ್ನ ಕೈಗಿಟ್ಟು, "ಅಜ್ಜಿ ಮಾತು ಮುಗೀತೇನ್ರಿ?" ಎಂದು ಕೇಳಿದಳು.

"ಇಲ್ರಿ, ಇನ್ನಾ ಅದ. ನೀವು ತಿರುಗಿ ಬಂದ ಮ್ಯಾಲ ಕೇಳೋಣು."

"ಹೌದ್ರಿ, ಬರ್ತೇನಿ," ಎಂದು ನಕ್ಕು, ಗಂಟು ಹೊತ್ತುಕೊಂಡು ಹೋದಳು.

ಆಫೀಸಿನಲ್ಲಿ ಸಾಹೇಬರಿಗೆ ಬಸ್ಸು ತಡವಾಯಿತೆಂದೆ. ಪಕ್ಕದವರು ಮಲಗಿದ್ದರು ಎಂಬ ಕಾರಣಕ್ಕೆ ನಮ್ಮಲ್ಲಿ ಯಾವ ರಜೆಯೂ ಇಲ್ಲ.