ಮುಖ ಕಾಣದ ಗುರು

ಕಳೆದ ಮೇ ತಿಂಗಳ ಒಂದು ಸಂಜೆ, ಪುತ್ತೂರಿನ ಹತ್ತಿರದ ಕುಂಬ್ರದ ಹೋಟೆಲಿನ ಬಾಗಿಲಲ್ಲಿ ನಿಂತಿದ್ದೆ. ಒಳಗೆ ಒಬ್ಬರು ಕೂತು ಚಹಾ ಕಲಕುತ್ತಿದ್ದರು. ಹೆಬ್ಬೆರಳಲ್ಲಿ ಸುಟ್ಟ ಗಾಯದ ಗುರುತಿದ್ದ ಆ ಕೈ ನನಗೆ ಗೊತ್ತು. ನಮ್ಮ ಎಸಿ ಮೆಕ್ಯಾನಿಕರ ವಾಟ್ಸಾಪ್ ಗುಂಪಿನ ವಿಡಿಯೋಗಳಲ್ಲಿ ಮುಖ ತೋರಿಸುವ ರೂಢಿಯಿಲ್ಲ. ಆ ಕೈಗಳನ್ನು ನೋಡಿಯೇ ನಾನು ಕೆಲಸ ಕಲಿತದ್ದು. ಸೌದಿಯ ದಮ್ಮಾಮಿನಿಂದ ವಿಡಿಯೋ ಕಳಿಸುತ್ತಿದ್ದ ಅವರನ್ನು ಗುಂಪಿನಲ್ಲಿ ಎಲ್ಲರೂ ದಮ್ಮಾಮ್ ಕಾಕ ಎನ್ನುತ್ತಿದ್ದೆವು.

“ನೀವು ದಮ್ಮಾಮ್ ಕಾಕ ಅಲ್ವಾ?”

ಗುಂಪಿನ ವಾಯ್ಸ್ ಮೆಸೇಜುಗಳಲ್ಲಿ ಕೇಳಿದ್ದ ನನ್ನ ಸ್ವರದಿಂದ ಅವರಿಗೂ ಗುರುತು ಹತ್ತಿತು. ಚಮಚವನ್ನು ಬದಿಗಿಟ್ಟರು.

“ಊರಿಗೆ ಬಂದು ಎರಡು ವರ್ಷ ಆಯ್ತು ಮಾರಾಯ್ರೆ. ಈಗ ಕಳಿಸುದೆಲ್ಲ ಹಳೆಯ ವಿಡಿಯೋ. ಕೆಲಸ ಇಲ್ಲ ಅಂತ ಗುಂಪಿನಲ್ಲಿ ಹೇಗೆ ಹೇಳುದು?”

“ನನಗೆ ಹೇಳಿದ್ರಲ್ಲ, ಸಾಕು. ನಾಳೆಯಿಂದ ನನ್ನ ಅಂಗಡಿಗೆ ಕೆಲಸಕ್ಕೆ ಬನ್ನಿ.”

ಈಗ ನನ್ನ ಅಂಗಡಿಯಲ್ಲಿ ಮಾಡುವ ಅವರ ಹೊಸ ವಿಡಿಯೋಗಳಲ್ಲಿ ಪುತ್ತೂರು ಬಸ್ಸಿನ ಹಾರ್ನ್ ಕೇಳಿಸುತ್ತದೆ. ಆ ಸಂಜೆಯನ್ನು ಕಂಡ ಇನ್ನೊಬ್ಬರು ಹೋಟೆಲಿನ ಮೋನಪ್ಪಣ್ಣ. ನಂಬಿಕೆ ಬಾರದಿದ್ದರೆ ಅವರನ್ನು ಕೇಳಬಹುದು.