ಸೋರದ ಗಾಡಿಯ ಕೆಳಗೆ ಡೆಲ್ಬರ್ಟ್

ಚಳಿಗಾಲಕ್ಕೆಂದು ಕ್ವಾರ್ಟ್ಜ್‌ಸೈಟ್‌ನ ಮರುಭೂಮಿಗೆ ಬಂದು ಬೀಡುಬಿಡುವ ಮನೆಗಾಡಿಗಳಲ್ಲಿ ಒಂದಾದರೂ ಬೆಳಗಾಗುವಷ್ಟರಲ್ಲಿ ಒಂದು ಮಗ್ಗುಲಿಗೆ ವಾಲಿರುತ್ತಿತ್ತು. ವಾಲಿದ ಗಾಡಿಯ ಯಜಮಾನ ಹಲ್ಲುಜ್ಜುವ ಮೊದಲೇ ಬಂದು ಡೆಲ್ಬರ್ಟ್ ಓಸ್ಟ್‌ಗ್ರೆನ್‌ನ ಬಾಗಿಲು ಬಡಿಯುತ್ತಿದ್ದ.

ಅಡುಗೆಮನೆ, ಹಾಸಿಗೆ ಎಲ್ಲ ಒಳಗೇ ಇರುವ, ಬಸ್ಸಿನಷ್ಟು ಉದ್ದದ ಈ ಗಾಡಿಗಳು ನಿಂತಿರುವುದೇ ಗಾಳಿಯ ಮೇಲೆ. ಮೂಲೆ ಮೂಲೆಗೂ ರಬ್ಬರಿನ ಗಾಳಿಚೀಲ, ಅದಕ್ಕೆ ಗಾಳಿ ತುಂಬಲು, ಬಿಡಲು ವಾಲ್ವುಗಳು. ಒಂದು ವಾಲ್ವು ಗುಟ್ಟಾಗಿ ಗಾಳಿ ಬಿಟ್ಟರೂ ಸಾಕು, ಆ ಮೂಲೆ ಕುಸಿಯುತ್ತದೆ. ಬಾಣಲೆಗೆ ಹುಯ್ದ ಪ್ಯಾನ್‌ಕೇಕ್ ಹಿಟ್ಟು ಒಂದೇ ಕಡೆ ಹೋಗಿ ಕೂರುತ್ತದೆ, ನಿದ್ದೆಯಲ್ಲಿದ್ದ ಗಂಡ ಹೆಂಡತಿಯ ಮೇಲೆ ಉರುಳುತ್ತಾನೆ, ಅವಳು ಬೈಯುತ್ತಾಳೆ. ಅಲ್ಲಿಗೆ ಡೆಲ್ಬರ್ಟ್‌ನಿಗೆ ಕರೆ ಬಂತೆಂದೇ ಲೆಕ್ಕ.

ನೆಬ್ರಾಸ್ಕಾದ ಶಾಲೆಯ ಬಸ್ಸುಗಳನ್ನು ರಿಪೇರಿ ಮಾಡುತ್ತಲೇ ತಲೆ ನೆರೆಸಿಕೊಂಡ ಮನುಷ್ಯ ಅವನು. ನಿವೃತ್ತಿಯಾದ ಮೇಲೆ ಹೆಂಡತಿ ಆರ್ಡಿತ್‌ಳನ್ನು ಕರೆದುಕೊಂಡು ಊರೂರು ಸುತ್ತುತ್ತ, ಚಳಿ ಬಿದ್ದರೆ ಇಲ್ಲಿಗೆ ಬರುತ್ತಿದ್ದ. ಯಾರ ಹತ್ತಿರವೂ ಕೂಲಿ ಕೇಳಿದವನಲ್ಲ. ಯಾರಾದರೂ ಸೇಬಿನ ಪೈ ಬೇಯಿಸಿ ಕೊಟ್ಟರೆ ಬೇಡವೆಂದವನೂ ಅಲ್ಲ. ಚೀಲದ ಗಾಳಿ ಹೋದರೆ ಗಾಡಿ ಮೈಮೇಲೆಯೇ ಕೂರುತ್ತದೆಂದು, ಅದರ ತಳದ ಚೌಕಟ್ಟಿಗೆ ಮರದ ದಿಮ್ಮಿಯ ಆಸರೆ ಕೊಡದೆ ಗಾಡಿಯಡಿ ತಲೆ ಹಾಕುತ್ತಿರಲಿಲ್ಲ. ಹಾಗೆ ಹಾಕಿದವರನ್ನು ಕಂಡರೆ ಕಾಲು ಹಿಡಿದು ಹೊರಗೆಳೆದು ಬೈಯುತ್ತಿದ್ದ.

ಅವನ ಪರೀಕ್ಷೆ ಬಲು ಸರಳ. ಅನುಮಾನ ಬಂದ ವಾಲ್ವನ್ನು ಬಿಚ್ಚಿ ಎದುರು ಮಗ್ಗುಲಿಗೆ ಹಾಕುವುದು, ಆ ಮಗ್ಗುಲಿನದನ್ನು ಇಲ್ಲಿಗೆ ತರುವುದು. ಮರುದಿನ ಗಾಡಿ ಆ ಕಡೆ ವಾಲಿದರೆ ವಾಲ್ವೇ ಕಳ್ಳ. ಮತ್ತೆ ಈ ಕಡೆಯೇ ವಾಲಿದರೆ ವಾಲ್ವು ಪಾಪ, ಸಾಚಾ. "ಜಾಗ ಬದಲಾಯ್ಸಿ ನೋಡ್ರಯ್ಯಾ, ಕಳ್ಳ ತಾನಾಗೇ ಸಿಕ್ಕಿಬೀಳ್ತಾನೆ" ಎನ್ನುತ್ತಿದ್ದ. ಮಿನೆಸೋಟಾದ ಮೈಲೋನ ಗಾಡಿಯಲ್ಲಿ ಮಾತ್ರ ಏನು ಬದಲಾಯಿಸಿದರೂ ಎಡಕ್ಕೇ ವಾಲುತ್ತಿತ್ತು. ಕೊನೆಗೆ ಎಡಗಡೆಯ ಸಾಮಾನು ಗೂಡು ತೆಗೆದು ನೋಡಿದರೆ ಬೆಟ್ಟದಿಂದ ಆರಿಸಿ ತಂದ ಬಣ್ಣಬಣ್ಣದ ಕಲ್ಲುಗಳು, ಬಾಗಿಲು ಮುಚ್ಚಲಾರದಷ್ಟು! ಇಲ್ಲಿಗೆ ಬಂದವರಿಗೆಲ್ಲ ಆ ಹುಚ್ಚು ಹಿಡಿಯುವುದೇ. "ಗಾಡಿ ಸರಿಯಾಗಿದೆ ಮೈಲೋ, ನಿನ್ನ ತಲೇಲಿ ಕಲ್ಲು ತುಂಬಿದೆ" ಎಂದು ಡೆಲ್ಬರ್ಟ್ ಕೂಗಿದ್ದು ಆಚೆಯ ಹೆದ್ದಾರಿಗೂ ಕೇಳಿಸಿರಬೇಕು.

ಇಂಥವನ ಸ್ವಂತ ಗಾಡಿಯೇ ಆ ವರ್ಷ ವಾಲತೊಡಗಿತು. ಹಾಗೆಂದು ಅವನೇ ಹೇಳುತ್ತಿದ್ದ.

ಶುರುವಾದದ್ದು ಆರ್ಡಿತ್‌ಳಿಂದ. ನಡೆಯುವಾಗ ಅವಳು ಪಕ್ಕಕ್ಕೆ ಸರಿದು ಹೋಗುತ್ತಿದ್ದಳು. ಕಾಫಿ ತುಳುಕುತ್ತಿತ್ತು. ಸೊಂಟದ ಎಡಕ್ಕೆ ಮೇಜಿನ ಮೂಲೆ ಬಡಿದು ನೀಲಿಗಟ್ಟಿತ್ತು. ಕುಣಿಯಲಾರದವಳು ನೆಲ ಡೊಂಕೆಂದಳಂತೆ ಎನ್ನುವ ಗಾದೆ ಇದೆಯಲ್ಲ, ಆರ್ಡಿತ್ ಒಂದು ದಿನವೂ ಹಾಗೆ ಅನ್ನಲಿಲ್ಲ. ನೆಲ ಡೊಂಕು ಎಂದವನು ಗಂಡ.

"ಹಿಂದಿನ ಎಡಗಡೆ ಚೀಲ ಇಳೀತಿದೆ ಕಣೇ. ನಿನ್ನ ತಪ್ಪಲ್ಲ" ಎಂದ.

"ನಂಗೇನೂ ಇಳಿದ ಹಾಗೆ ಕಾಣಲ್ಲಪ್ಪ."

"ನಿಂಗೆ ಹೇಗೆ ಕಾಣತ್ತೆ? ನೀನು ಮೇಲಿದೀಯ."

ಎಲ್ಲ ಜೋಡಣೆಗಳಿಗೂ ಸೋಪುನೀರು ಹೊಡೆದ. ಎಲ್ಲೂ ಗುಳ್ಳೆ ಏಳಲಿಲ್ಲ. ಸಂಜೆ ನಾಲ್ಕು ಮೂಲೆಗಳ ಎತ್ತರ ಅಳೆದಿಟ್ಟು ಬೆಳಿಗ್ಗೆ ಮತ್ತೆ ಅಳೆದ. ಒಂದು ಕೂದಲೆಳೆಯ ವ್ಯತ್ಯಾಸವೂ ಇರಲಿಲ್ಲ. ನೆಲದ ಮೇಲೆ ರಸಮಟ್ಟ ಇಟ್ಟರೆ ಗುಳ್ಳೆ ನಡುಮಧ್ಯೆ ಕದಲದೆ ಕೂತಿತ್ತು. ರಸಮಟ್ಟವೇ ಕೆಟ್ಟಿದೆಯೆಂದು ಮೈಲೋನದ್ದನ್ನು ತಂದು ಇಟ್ಟ. ಅದೂ ಹಾಗೇ ಹೇಳಿದಾಗ ಮೈಲೋನನ್ನೇ ಬೈದ. ಸರಿಯಿದ್ದ ವಾಲ್ವನ್ನು ಬಿಚ್ಚಿ ಹೊಸದು ಹಾಕಿದ.

ಮೆಕ್ಯಾನಿಕ್ಕಾದವನು ದೋಷ ಸಿಗದಿದ್ದರೆ ಸಂತೋಷಪಡಬೇಕು. ಡೆಲ್ಬರ್ಟ್ ಮಾತ್ರ ದೇವರೇ, ಒಂದು ಸಣ್ಣ ತೂತಾದರೂ ಸಿಗಲಪ್ಪ ಎಂದು ಬೇಡಿಕೊಳ್ಳುತ್ತಿದ್ದ. ತೂತು ಸಿಕ್ಕರೆ ಹೆಂಡತಿ ಸರಿಯಾಗಿದ್ದಾಳೆ ಎಂದರ್ಥ. ಸಿಗದಿದ್ದರೆ ವಾಲುತ್ತಿರುವುದು ಅವಳು. ಆ ಯೋಚನೆ ಬಾರದಿರಲೆಂದು ಮತ್ತೆ ಗಾಡಿಯಡಿ ತೂರಿಕೊಳ್ಳುತ್ತಿದ್ದ.

ಸಂಜೆಯ ಹೊತ್ತು ಎಲ್ಲರೂ ಮಡಚುಕುರ್ಚಿ ಹಾಕಿಕೊಂಡು ದುಂಡಗೆ ಕೂರುವುದು ಇಲ್ಲಿನ ವಾಡಿಕೆ. ಅವತ್ತು ಡೆಲ್ಬರ್ಟ್‌ನ ಕುರ್ಚಿ ಖಾಲಿಯಿತ್ತು.

"ದೀಪದ ಬುಡದಲ್ಲೇ ಕತ್ತಲೆ ನೋಡಿ" ಎಂದು ಮೈಲೋ ನಕ್ಕ. "ಊರವರ ಗಾಡಿನೆಲ್ಲ ನೆಟ್ಟಗೆ ಮಾಡಿದವನಿಗೆ ಅವನದ್ದೇ ಬಗ್ಗುತ್ತಿಲ್ಲ."

ಆರ್ಡಿತ್ ನಗಲಿಲ್ಲ. ಎದ್ದು, ಕುರ್ಚಿಗಳ ಬೆನ್ನು ಹಿಡಿದುಕೊಂಡೇ ತಮ್ಮ ಗಾಡಿಯ ಹತ್ತಿರ ಹೋದಳು. ಕೆಳಗಿಂದ ಗಂಡನ ಬೂಟು ಕಾಣುತ್ತಿತ್ತು. ದಿಮ್ಮಿಗಳು ಪಕ್ಕದಲ್ಲಿ ಬಿದ್ದಿದ್ದವು. ಆಸರೆ ಕೊಡುವುದನ್ನೇ ಮರೆತು ತೂರಿಕೊಂಡಿದ್ದ.

"ಡೆಲ್ಬರ್ಟ್! ಬಾ ಹೊರಗೆ. ಈಗಲೇ!"

ತೆವಳಿಕೊಂಡು ಬಂದವನಿಗೆ ಅವಳು ದಿಮ್ಮಿ ತೋರಿಸಿದಳು. ಅವನು ಕೈಯ ಗ್ರೀಸನ್ನು ಪ್ಯಾಂಟಿಗೆ ಒರೆಸಿಕೊಂಡ.

"ಇನ್ನು ಸಾಕು" ಎಂದಳು. "ಬೇರೆಯವರ ಗಾಡಿಗೆ ಏನ್ಮಾಡ್ತೀಯ ನೀನು? ಜಾಗ ಬದಲಾಯ್ಸಿ ನೋಡ್ತೀಯ ತಾನೆ? ನನ್ನನ್ನೂ ಬದಲಾಯ್ಸು."

"ಏನಂದೆ?"

"ಗ್ವೆನ್ ಗಾಡೀನ ಮೊನ್ನೆ ನೀನೇ ಮಟ್ಟ ಮಾಡಿ ಕೊಟ್ಟೆಯಲ್ಲ. ಅಲ್ಲಿ ನಡೆದು ತೋರಿಸ್ತೀನಿ. ನೆಟ್ಟಗೆ ನಡೆದರೆ ನೀನು ಗೆದ್ದೆ, ಬೇಕಾದರೆ ನಮ್ಮ ಗಾಡೀನ ಪೂರ್ತಿ ಬಿಚ್ಚಿಹಾಕು."

ಗ್ವೆನ್ ಕೆನಡಾದ ಗೋಧಿ ಸೀಮೆಯಿಂದ ಬಂದ ವಿಧವೆ, ಅಚ್ಚುಕಟ್ಟಿನ ಹೆಂಗಸು. ಯಾಕೆ ಏನು ಎಂದು ಕೇಳದೆ ಬಾಗಿಲು ತೆರೆದು ಪಕ್ಕಕ್ಕೆ ನಿಂತಳು. ಡೆಲ್ಬರ್ಟ್ ಜೇಬಿನಿಂದ ರಸಮಟ್ಟ ತೆಗೆದು ನೆಲದ ಮೇಲೆ ಅಡ್ಡಲಾಗಿ, ಉದ್ದವಾಗಿ ಇಟ್ಟು ನೋಡಿದ. ಅವನೇ ಮಾಡಿದ ಕೆಲಸ, ಚೂರೂ ಆಚೀಚೆ ಇರಲಿಲ್ಲ.

ಆರ್ಡಿತ್ ಚಾಲಕನ ಸೀಟಿನ ಹಿಂದಿನಿಂದ ಹೊರಟಳು. ನಾಲ್ಕಾರು ಹೆಜ್ಜೆ ನೆಟ್ಟಗೆ ಹೋದಳು. ಡೆಲ್ಬರ್ಟ್‌ನ ಮುಖ ಅರಳಿತು. ಅಷ್ಟರಲ್ಲೇ ಅವಳು ಎಡಕ್ಕೆ ಸರಿದಳು, ಸಿಂಕಿನ ಅಂಚು ಹಿಡಿದು ನಿಂತಳು.

"ಸಿಂಕಿನ ಕಡೆ ನೆಲ ಇಳಿದಿರಬಹುದು" ಎಂದ ಡೆಲ್ಬರ್ಟ್.

"ಇರು, ವಾಪಸ್ ಬರ್ತೀನಿ. ಈಗ ಸಿಂಕು ನನ್ನ ಬಲಗಡೆ ಇರತ್ತೆ. ನೋಡ್ತಾ ಇರು."

ತಿರುಗಿ ನಡೆದಳು. ನೆಲ ಸಿಂಕಿನ ಕಡೆ ಇಳಿಜಾರಾಗಿದ್ದರೆ ಈ ಸಲ ಬಲಕ್ಕೆ ಸರಿಯಬೇಕಿತ್ತು. ಅವಳು ಮತ್ತೆ ತನ್ನ ಎಡಕ್ಕೇ ಸರಿದು, ಎದುರು ಬದಿಯ ಸೋಫಾಕ್ಕೆ ಮೊಣಕಾಲು ತಾಗಿ, ಅದರ ಮೇಲೇ ಕುಳಿತುಬಿಟ್ಟಳು.

ಗ್ವೆನ್ ಬೇಕೆಂದೇ ಬೆನ್ನು ತಿರುಗಿಸಿ ಕೆಟಲಿಗೆ ನೀರು ಹಿಡಿಯತೊಡಗಿದಳು.

ಡೆಲ್ಬರ್ಟ್ ಒಂದೇ ಮಾತು ಹೇಳಿ ಎಷ್ಟೋ ಜನರನ್ನು ಖುಷಿಪಡಿಸಿದ್ದ. ಅದೇ ಮಾತನ್ನು ಇವತ್ತು ರಸಮಟ್ಟವನ್ನು ಜೇಬಿಗೆ ಹಾಕಿಕೊಳ್ಳುತ್ತ ಹೇಳಿದ.

"ಗಾಡಿ ಸರಿಯಾಗಿದೆ, ಆರ್ಡಿತ್."

"ಗೊತ್ತು."

"ಯಾವಾಗಿಂದ ಗೊತ್ತು?"

"ಮೊದಲಿಂದ್ಲೂ. ನಮ್ಮ ಗಾಡೀಲೂ ಹೀಗೇ, ಹೋಗ್ತಾ ಎಡಕ್ಕೆ, ಬರ್ತಾನೂ ಎಡಕ್ಕೆ. ನೀನೊಂದು ಸಲ ಮೇಲೆ ಬಂದು ನೋಡಿದ್ರೆ ನಿಂಗೂ ಗೊತ್ತಾಗ್ತಿತ್ತು. ನೀನು ಕೆಳಗೇ ಇದ್ದೆ."

"ಮತ್ತೆ ಯಾಕೆ ಬಾಯಿ ಬಿಡಲಿಲ್ಲ?"

"ಹೇಳಿದ್ರೆ ಅದು ನಿಜ ಆಗ್ಬಿಡತ್ತಲ್ಲ. ನೀನು ಕೆಳಗೆ ಟಕಟಕ ಅನ್ನಿಸ್ತಿದ್ರೆ, ಹೌದೇನೋ, ಗಾಡಿದೇ ಇರಬಹುದೇನೋ ಅಂತ ನಂಗೂ ಒಂದೊಂದು ಸಲ ಅನ್ನಿಸೋದು."

ನಾಳೆ ಯೂಮಾ ಪಟ್ಟಣಕ್ಕೆ ಹೋಗೋಣ, ಅಲ್ಲಿ ದೊಡ್ಡ ಡಾಕ್ಟರು ಇದ್ದಾರೆ ಎಂದಳು. ಅವನು ತಲೆಯಾಡಿಸಿದ. ಯೂಮಾದಲ್ಲಿ ಏನು ಹೇಳುತ್ತಾರೋ, ಮತ್ತೆ ಈ ಮರಳಿಗೆ ಬರುವುದುಂಟೋ ಇಲ್ಲವೋ, ಅದನ್ನು ಇಬ್ಬರೂ ಎತ್ತಲಿಲ್ಲ. ಅವನು ಬಾಗಿಲ ಕಡೆ ತಿರುಗಿದ.

"ಎಲ್ಲಿಗೆ?"

"ಹೊರಡೋ ಮುಂಚೆ ಒಂದ್ಸಲ ಗಾಳಿಚೀಲ ನೋಡಿಬಿಡ್ತೀನಿ."

"ಡೆಲ್."

ಅವನು ನಿಂತ.

"ನಂಗೆ ಹೆದರಿಕೆ ಆಗ್ತಿದೆ ಕಣೇ" ಎಂದ.

"ಆಗ್ಲಿ ಬಿಡು, ನಂಗೂ ಆಗ್ತಿದೆ. ಆದ್ರೆ ಅಲ್ಲಿ ಕೆಳಗೆ ಒಬ್ಬನೇ ಮಲ್ಕೊಂಡು ಹೆದರಬೇಡ. ಇಲ್ಲಿ ಬಂದು ನನ್ನ ಪಕ್ಕ ಕೂತು ಹೆದರು."

ಡೆಲ್ಬರ್ಟ್ ಗ್ರೀಸು ಮೆತ್ತಿದ ಪ್ಯಾಂಟಿನಲ್ಲೇ ಹೋಗಿ ಗ್ವೆನ್‌ಳ ಬಿಳಿ ಸೋಫಾದ ಮೇಲೆ, ಹೆಂಡತಿಯ ಎಡಕ್ಕೆ ಕುಳಿತ. ಅವಳು ಅವನ ಹೆಗಲಿಗೆ ಒರಗಿದಳು. ಗ್ವೆನ್ ಸೋಫಾದ ಕಡೆ ನೋಡಲೂ ಇಲ್ಲ, ಚಹಾಕ್ಕೆ ಸಕ್ಕರೆ ಎಷ್ಟು ಎಂದಷ್ಟೇ ಕೇಳಿದಳು.